ಕೈ ಕೊಡುವುದು, ಕಾಲೆಳೆಯುವುದು: ಇಂಗ್ಲಿಷಿನ ಅಂಗಾಂಗ ನುಡಿಗಟ್ಟುಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, ಎಂಟರಿಂದ ಹತ್ತನೇ ತರಗತಿಯ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಸಾಫ್ಟ್‌ವೇರ್ ಎಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಎಣಿಸಿರಬಹುದು. ಅದು ಕೊನೆಯಲ್ಲಿ ಸ್ವಲ್ಪ ಬರುತ್ತದೆ. ಇಂಗ್ಲಿಷ್ ಮೇಡಂ ಫೋನಿನಲ್ಲಿ ಕೇಳಿದ್ದು ಬೇರೆ. "ನಮ್ಮ ಮಕ್ಕಳು ಈಡಿಯಮ್ಸ್ ಪಟ್ಟಿ ಬಾಯಿಪಾಠ ಮಾಡ್ತಾರೆ, ಪರೀಕ್ಷೇಲಿ ಬರೀತಾರೆ, ಮರೀತಾರೆ. ನೀವು ಆಫೀಸಲ್ಲಿ ದಿನಾ ಕೇಳ್ತೀರಲ್ಲ, ಅದನ್ನ ಹೇಳಿ" ಎಂದರು. ಒಪ್ಪಿಕೊಂಡೆ. ಆದರೆ ಪಟ್ಟಿ ಓದುವುದಿಲ್ಲ. ಪಟ್ಟಿ ನಿಮ್ಮ ಗೈಡಿನಲ್ಲೇ ಇದೆ.

ಮೊದಲು ಇವತ್ತಿನ ಆಹ್ವಾನ ಪತ್ರಿಕೆ ನೋಡಿ. 'ಸುವರ್ಣ ಮಹೋತ್ಸವದ ಅಂಗವಾಗಿ' ಎಂದು ಶುರುವಾಗುತ್ತದೆ. ಅಂಗ ಎಂದರೆ ಮೈಯ ಒಂದು ಭಾಗ. ಮಹೋತ್ಸವಕ್ಕೆ ಮೈ ಎಲ್ಲಿಂದ ಬಂತು ಎಂದು ನಿಮ್ಮಲ್ಲಿ ಯಾರೂ ಕೇಳಲಿಲ್ಲ. ಅದರ ಕೆಳಗೆ 'ಮುಖ್ಯೋಪಾಧ್ಯಾಯರು'. ಮುಖ್ಯ ಅನ್ನುವ ಪದ ಹುಟ್ಟಿದ್ದು ಮುಖದಿಂದ. ಇಂಗ್ಲಿಷಿನವರು ಅದೇ ಹುದ್ದೆಗೆ 'ಹೆಡ್ ಮಾಸ್ಟರ್' ಎಂದರು, ಅಂದರೆ ತಲೆ. ನಾವು ಮುಖ ಹಿಡಿದೆವು, ಅವರು ತಲೆ ಹಿಡಿದರು, ಕುರ್ಚಿ ಒಂದೇ. ನಾಳೆ ಈ ಸ್ಮರಣ ಸಂಚಿಕೆ ಅಚ್ಚಾದರೆ ಅದಕ್ಕೊಂದು ಮುಖಪುಟ ಇರುತ್ತದೆ, ಲೇಖನಕ್ಕೆ ತಲೆಬರಹ ಇರುತ್ತದೆ, ಪುಟದ ಕೆಳಗೆ ಅಡಿಟಿಪ್ಪಣಿ ಇರುತ್ತದೆ. ಅಡಿ ಎಂದರೆ ಪಾದ. ಇಂಗ್ಲಿಷಿನಲ್ಲೂ ಅದು 'ಫುಟ್ ನೋಟ್'. ದಿನವಿಡೀ ನಾವು ಮೈಯನ್ನೇ ಮಾತಾಡುತ್ತೇವೆ, ಗಮನಿಸುವುದಿಲ್ಲ, ಅಷ್ಟೆ.

ಇದರಲ್ಲಿ ಕಷ್ಟ ಎಲ್ಲಿದೆ ಎಂದು ತೋರಿಸಲು ಒಬ್ಬ ಹುಡುಗನ ವಿಷಯ ಹೇಳಬೇಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ನಮ್ಮ ತಂಡಕ್ಕೆ ಸೇರಿದ್ದ. ಊರು, ಹೆಸರು ಬೇಡ, ನಮ್ಮ ಬಯಲುಸೀಮೆಯವನೇ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ, ಆಮೇಲೆ ಬಿ.ಇ. ಕೆಲಸದಲ್ಲಿ ಚುರುಕು. ಒಂದು ವಾರದಿಂದ ಯಾರಿಗೂ ಸಿಗದಿದ್ದ ಒಂದು ದೋಷವನ್ನು ಒಂದೇ ರಾತ್ರಿ ಕೂತು ಸರಿ ಮಾಡಿದ. ಬೆಳಿಗ್ಗೆ ಮೀಟಿಂಗಿನಲ್ಲಿ ಅದನ್ನು ಹೇಳಿದ. ಪರದೆಯ ಆ ಕಡೆ ವಿದೇಶದಲ್ಲಿದ್ದ ಮ್ಯಾನೇಜರ್ ನಕ್ಕು, "ಯು ಆರ್ ಪುಲ್ಲಿಂಗ್ ಮೈ ಲೆಗ್" ಎಂದರು. 'ತಮಾಷೆ ಮಾಡ್ತಿದ್ದೀಯಾ, ನಂಬೋಕೇ ಆಗ್ತಿಲ್ಲ' ಅನ್ನುವುದಷ್ಟೇ ಆ ಮಾತು. ಅದು ಮೆಚ್ಚುಗೆ.

ಹುಡುಗನಿಗೆ ಪುಲ್ ಗೊತ್ತು, ಮೈ ಗೊತ್ತು, ಲೆಗ್ ಗೊತ್ತು. ಮೂರನ್ನೂ ಸೇರಿಸಿ ಕನ್ನಡದಲ್ಲಿ ಅರ್ಥ ಮಾಡಿಕೊಂಡ: ನೀನು ನನ್ನ ಕಾಲೆಳೀತಿದ್ದೀಯ. ನಮ್ಮಲ್ಲಿ ಕಾಲೆಳೆಯುವುದು ಎಂದರೇನು? ಮೇಲೆ ಹತ್ತುವವನನ್ನು ಕೆಳಗೆ ಬೀಳಿಸುವುದು, ಅವನ ಏಳಿಗೆ ತಡೆಯುವುದು. ಈಗೀಗ ಟೀವಿಯವರು ತಮಾಷೆ ಮಾಡುವುದಕ್ಕೂ ಕಾಲೆಳೆಯುವುದು ಅನ್ನುತ್ತಾರೆ, ಅದು ಇಂಗ್ಲಿಷಿನ ಸಹವಾಸದಿಂದ ಬಂದದ್ದಿರಬೇಕು. ಅವನ ಮನೆಯ ಕನ್ನಡದಲ್ಲಿ ಹಳೆಯ ಅರ್ಥವೇ ಇತ್ತು. ಆ ರಾತ್ರಿ ಅವನು ಮ್ಯಾನೇಜರಿಗೆ ಉದ್ದದ ಒಂದು ಮೇಲ್ ಬರೆದ, ನಾನು ಯಾವತ್ತೂ ನಿಮ್ಮ ವಿರುದ್ಧ ಕೆಲಸ ಮಾಡಿಲ್ಲ, ದಯವಿಟ್ಟು ಕ್ಷಮಿಸಿ ಎಂದು. ಅವರಿಗೆ ತಲೆಬುಡ ಅರ್ಥವಾಗಲಿಲ್ಲ. ಇವನು ಆಮೇಲೆ ಮೂರು ವಾರ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ. ವರ್ಷದ ಕೊನೆಗೆ ಅವನ ಮೌಲ್ಯಮಾಪನದಲ್ಲಿ 'ಕೆಲಸ ಉತ್ತಮ, ಸಂವಹನ ಸಾಲದು' ಎಂದು ಬರೆದಿದ್ದರು. ಸಂಬಳ ಏರಿದ್ದು ಅದಕ್ಕೆ ತಕ್ಕಷ್ಟೇ.

ಅವನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟರು. ಅವನೂ ಹಾಗೇ ಅಂದುಕೊಂಡ. ನಿಜ ಏನೆಂದರೆ ಆ ವಾಕ್ಯದಲ್ಲಿ ಅವನಿಗೆ ಗೊತ್ತಿಲ್ಲದ ಒಂದೇ ಒಂದು ಇಂಗ್ಲಿಷ್ ಪದ ಇರಲಿಲ್ಲ. ಕಾಲು ಎಳೆಯುವ ಅದೇ ಚಿತ್ರ ಎರಡು ಭಾಷೆಯಲ್ಲಿದೆ, ಹೇಳುವ ಮಾತು ಬೇರೆ ಬೇರೆ. ಯಾರಾದರೂ ಇವೆರಡನ್ನು ಒಮ್ಮೆ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದ್ದರೆ ಸಾಕಿತ್ತು. ಇವತ್ತು ನಾನು ಮಾಡಬೇಕೆಂದಿರುವುದು ಅಷ್ಟೇ ಕೆಲಸ.

ಕೈಯಿಂದ ಶುರು ಮಾಡೋಣ. ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿದೆ. ಶೇಂಗಾ ಬಿತ್ತಿ ಆಕಾಶ ನೋಡುವ ಮನೆಯ ಮಕ್ಕಳು ನೀವು. "ಈ ಸಲಾನೂ ಮಳೆ ಕೈ ಕೊಡ್ತು" ಅನ್ನುವ ಮಾತನ್ನು ಅಪ್ಪನ ಬಾಯಲ್ಲಿ ಕೇಳದವರು ಕೈ ಎತ್ತಿ ನೋಡೋಣ. ಯಾರೂ ಇಲ್ಲ. ಈಗ ಇದನ್ನು ಪದಕ್ಕೆ ಪದ ಇಂಗ್ಲಿಷಿಗೆ ಹಾಕಿ: ರೇನ್ ಗೇವ್ ಎ ಹ್ಯಾಂಡ್. ಇಂಗ್ಲಿಷಿನವನು ಕೇಳಿದರೆ, ಓಹೋ, ಮಳೆರಾಯ ಸಹಾಯ ಮಾಡಿದ, ಬೆಳೆ ಚೆನ್ನಾಗಿ ಬಂತು ಎಂದು ಖುಷಿಪಡುತ್ತಾನೆ! ಅವರಲ್ಲಿ 'ಗಿವ್ ಎ ಹ್ಯಾಂಡ್' ಎಂದರೆ ನೆರವಾಗುವುದು. ನಮ್ಮಲ್ಲಿ ಕೈ ಕೊಡುವುದು ಎಂದರೆ ನಂಬಿಸಿ ಬಿಟ್ಟುಹೋಗುವುದು. ನಮ್ಮ ಹಟ್ಟಿಗಳಲ್ಲಿ ತೆಲುಗು ಮಾತಾಡುವ ಮನೆಗಳೂ ಇವೆಯಲ್ಲ, ಅಲ್ಲೂ 'ಚೆಯ್ಯಿ ಇಚ್ಚಾಡು' ಎಂದರೆ ಮೋಸ ಮಾಡಿದ ಎಂದೇ ಅರ್ಥ. ಹಾಗಾದರೆ ಇಂಗ್ಲಿಷಿನ ನೆರವಿನ ಕೈ ನಮ್ಮಲ್ಲಿ ಎಲ್ಲಿದೆ? ಕೈ ಹಿಡಿಯುವುದರಲ್ಲಿದೆ, ಕೈ ಜೋಡಿಸುವುದರಲ್ಲಿದೆ. "ಈ ಸಲ ಹಿಂಗಾರು ಕೈ ಹಿಡೀತು" ಅನ್ನುತ್ತೇವೆ.

ಕನ್ನಡದಲ್ಲಿ ಕೈ ಮಾಡದ ಕೆಲಸವೇ ಇಲ್ಲ. ಕೆಲಸ ಕೈಗೆತ್ತಿಕೊಳ್ಳುತ್ತೇವೆ, ಕೈಗೂಡುತ್ತದೆ, ಇಲ್ಲದಿದ್ದರೆ ಕೈತಪ್ಪುತ್ತದೆ, ಆಗ ಕೈಚೆಲ್ಲಿ ಕೂರುತ್ತೇವೆ. ಸಿಟ್ಟು ಬಂದರೆ ಕೈ ಮಾಡುತ್ತೇವೆ, ದುಡ್ಡಿಲ್ಲದಿದ್ದರೆ ಕೈಗಡ ತರುತ್ತೇವೆ, ವ್ಯಾಪಾರದಲ್ಲಿ ಕೈ ಸುಟ್ಟುಕೊಳ್ಳುತ್ತೇವೆ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದು, ಶಾಲೆಯ ಗ್ರಂಥಾಲಯಕ್ಕೆ ಅದನ್ನು ತರಿಸಿದರೆ 'ಕೈ' ಅನ್ನುವ ಒಂದೇ ಪದದ ಹಿಂದೆ ಎಷ್ಟು ಸಾಲು ಇವೆ ನೋಡಿ. ಇಂಗ್ಲಿಷಿನ ಕೈಯೂ ಸುಮ್ಮನೆ ಕೂತಿಲ್ಲ. 'ಅಪ್ಪರ್ ಹ್ಯಾಂಡ್' ನಮ್ಮ ಕೈ ಮೇಲಾಗುವುದೇ. 'ಬರ್ನ್ ಒನ್ಸ್ ಫಿಂಗರ್ಸ್' ನಮ್ಮ ಕೈ ಸುಟ್ಟುಕೊಳ್ಳುವುದೇ, ಅವರಿಗೆ ಬೆರಳು ಮಾತ್ರ ಸುಡುತ್ತದೆ, ನಮಗೆ ಇಡೀ ಕೈ. 'ಹ್ಯಾಂಡ್ ಟು ಮೌತ್' ಅಂದರೆ ದುಡಿದದ್ದು ಆ ದಿನಕ್ಕೇ ಸರಿಹೋಗುವ ಬದುಕು. ಅದಕ್ಕೆ ಅರ್ಥ ಬರೆಸಬೇಕಾದ ಊರು ನಮ್ಮದಲ್ಲ.

ಹೀಗೆ ಪೂರ್ತಿ ಹೊಂದುವವು ಬೇಕಾದಷ್ಟಿವೆ, ಅವುಗಳ ಬಗ್ಗೆ ಹೆಚ್ಚು ಹೊತ್ತು ಕಳೆಯುವುದು ಬೇಡ. ಮೂಗು ತೂರಿಸುವುದು ಎರಡು ಕಡೆಯೂ ಒಂದೇ. ಬೆನ್ನು ತಟ್ಟುವುದು, ಕಣ್ಣು ತೆರೆಸುವುದು, ತಲೆ ತಗ್ಗಿಸುವುದು, ಹೆಗಲಿಗೆ ಹೆಗಲು ಕೊಡುವುದು, ಇವೆಲ್ಲ ಇಂಗ್ಲಿಷಿನಲ್ಲಿ ಕೇಳಿದ ಕೂಡಲೇ ಗೊತ್ತಾಗುತ್ತವೆ. ಎಲ್ಲ ದೇಶದವರ ಮೈಯೂ ಒಂದೇ ಥರ ಇರುವುದರಿಂದ ಇಷ್ಟು ಲಾಭ ಸಹಜ. ಸ್ವಲ್ಪ ಓರೆಯಾಗಿ ಹೊಂದುವವು ನನಗೆ ಇನ್ನೂ ಇಷ್ಟ. ಹೆದರಿ ಓಡಿಹೋದವನನ್ನು ಇಂಗ್ಲಿಷಿನಲ್ಲಿ 'ಟುಕ್ ಟು ಹಿಸ್ ಹೀಲ್ಸ್' ಅನ್ನುತ್ತಾರೆ, ಹಿಮ್ಮಡಿಗೆ ಶರಣಾದ ಅಂದಹಾಗೆ. ನಾವು ಕಾಲಿಗೆ ಬುದ್ಧಿ ಹೇಳಿದ ಅನ್ನುತ್ತೇವೆ. ಓಡುವವನಿಗೆ ಬುದ್ಧಿಯೂ ಇದೆ, ಅದನ್ನು ಕೇಳಿಸಿಕೊಳ್ಳುವ ಕಾಲೂ ಇದೆ! ನನ್ನನ್ನು ಕೇಳಿದರೆ ನಮ್ಮದೇ ಮೇಲು. ಮೊಣಕೈ ನೋಡಿ. ಇಂಗ್ಲಿಷಿನಲ್ಲಿ 'ಎಲ್ಬೋ ಗ್ರೀಸ್' ಎಂದರೆ ಉಜ್ಜಿ ಉಜ್ಜಿ ಮಾಡುವ ಮೈಮುರಿ ಕೆಲಸ, ಅದೇ ಎಣ್ಣೆ ಅದೇ ಗ್ರೀಸು. ನಮ್ಮಲ್ಲಿ ಮೊಣಕೈಗೆ ಹಚ್ಚುವುದು ಬೆಲ್ಲ. ನೆಕ್ಕಲು ಹೋದರೆ ನಾಲಗೆ ಮುಟ್ಟುವುದಿಲ್ಲ. ಚುನಾವಣೆ ಹತ್ತಿರ ಬಂದಾಗ ಎಷ್ಟು ಮೊಣಕೈಗೆ ಎಷ್ಟು ಬೆಲ್ಲ ಬೀಳುತ್ತದೆ ಎಂದು ಹಿರಿಯರಿಗೆ ಗೊತ್ತು. ಕಿವಿಗೂ ಹೀಗೇ. ಚಾಡಿ ಮಾತನ್ನು ತಟ್ಟನೆ ನಂಬುವವನದು ನಮ್ಮಲ್ಲಿ ಹಿತ್ತಾಳೆ ಕಿವಿ. ಇಂಗ್ಲಿಷಿನಲ್ಲಿ 'ಟಿನ್ ಇಯರ್' ಇದೆ, ತವರದ ಕಿವಿ. ಅದು ಸಂಗೀತದ ಸ್ವರ ಗುರುತಿಸಲಾಗದವನ ಕಿವಿ. ಎರಡೂ ಲೋಹವೇ, ಆದರೆ ಒಂದರ ಬದಲು ಇನ್ನೊಂದು ಹಾಕಿದರೆ ಜಗಳ.

ಇನ್ನು ಕೆಲವು ನೇರವಾಗಿ ಹೆದರಿಸುತ್ತವೆ. ನಾಟಕದ ವೇದಿಕೆ ಹತ್ತುವವರಿಗೆ ಇಂಗ್ಲಿಷಿನವರು 'ಬ್ರೇಕ್ ಎ ಲೆಗ್' ಎಂದು ಹಾರೈಸುತ್ತಾರೆ. ಒಳ್ಳೆಯದಾಗಲಿ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಅನ್ನುವ ನಂಬಿಕೆ, ಅದಕ್ಕೆ ಉಲ್ಟಾ ಹೇಳುವುದು. ನಮ್ಮಲ್ಲಿ ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಡುವ ಹಾಗೆ. ಬಯಲಾಟದಲ್ಲಿ ಭೀಮನ ಪಾತ್ರಧಾರಿ ರಂಗಕ್ಕೆ ಹೊರಟಾಗ "ಕಾಲು ಮುರಿ" ಎಂದು ಯಾರಾದರೂ ಹಾರೈಸಿದರೆ ಗದೆ ಯಾರ ಮೇಲೆ ಬೀಳುತ್ತದೋ ಹೇಳಲಾಗದು. ನಮಗೆ ಕಾಲು ಮುರಿಯುವುದು ಮೇಷ್ಟ್ರ ಬಾಯಲ್ಲಿ ಬರುವ ಬೆದರಿಕೆ. ಪಕ್ಕದ ಮೊಳಕಾಲ್ಮುರು ಹೆಸರಲ್ಲೇ ಮೊಳಕಾಲು ಮುರಿಯುವ ಸದ್ದು ಕೇಳಿಸುತ್ತದಲ್ಲ!

ಈಗ ನಾನು ಮುಖ್ಯವೆಂದುಕೊಂಡ ಜಾಗಕ್ಕೆ ಬರುತ್ತೇನೆ, ಹೊಟ್ಟೆ. ಇಂಗ್ಲಿಷಿನಲ್ಲಿ ಭಾವನೆಗಳೆಲ್ಲ ಹಾರ್ಟಿನಲ್ಲಿ ವಾಸ ಮಾಡುತ್ತವೆ. ಪ್ರೀತಿ, ದುಃಖ, ದಯೆ, ಧೈರ್ಯ, ಎಲ್ಲ. 'ಕರೇಜ್' ಅನ್ನುವ ಪದವೇ ಹೃದಯ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ನಮ್ಮಲ್ಲಿ ಧೈರ್ಯಕ್ಕೆ ಮಾತ್ರ ಎದೆಗಾರಿಕೆ, ಗುಂಡಿಗೆ. ಉಳಿದವು ಕೆಳಗಿನ ಮನೆಯಲ್ಲಿವೆ. ಅಸೂಯೆ ಹೊಟ್ಟೆಕಿಚ್ಚು. ಮರುಕ ಕರುಳಿನಲ್ಲಿ, ಅದಕ್ಕೇ ಕರುಳು ಚುರುಕ್ ಅನ್ನುವುದು. ಮಗು ಕರುಳಿನ ಕುಡಿ. ಕೆಲಸ ಮಾಡುವುದು ಹೊಟ್ಟೆಪಾಡಿಗೆ. ತಪ್ಪು ಮಾಡಿದವನು ಹಿರಿಯರ ಮುಂದೆ ನಿಂತು "ಹೊಟ್ಟೆಗೆ ಹಾಕ್ಕಳಿ" ಎಂದರೆ ಕ್ಷಮಿಸಿ ಎಂದು. ಇದನ್ನು ಇಂಗ್ಲಿಷಿಗೆ ಪದಕ್ಕೆ ಪದ ಹಾಕಿದರೆ ತಪ್ಪನ್ನು ತಿಂದುಬಿಡಿ ಎಂದಾಗುತ್ತದೆ. ಅವರಲ್ಲೂ 'ಸ್ಟಮಕ್' ಅನ್ನು ಕ್ರಿಯಾಪದವಾಗಿ ಬಳಸುತ್ತಾರೆ, ಸಹಿಸಿಕೊಳ್ಳುವುದು ಎಂಬರ್ಥದಲ್ಲಿ, ಹೆಚ್ಚಾಗಿ 'ಸಹಿಸಲಾರೆ' ಅನ್ನುವಾಗ. ಅದರಲ್ಲಿ ಕ್ಷಮೆ ಇಲ್ಲ.

ಇದನ್ನು ನೋಡಿ ನಮ್ಮದು ಒರಟು, ಅವರದು ನಾಜೂಕು ಎಂದು ತಿಳಿಯುವವರಿದ್ದಾರೆ. ಅವರಿಗೆ ಒಂದು ವಿಷಯ. 1611ರಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ದೊರೆಯ ಹೆಸರಿನ ಬೈಬಲ್ ಅನುವಾದ ಪ್ರಕಟವಾಯಿತು. ಅದರಲ್ಲಿ ದಯೆ, ಅನುಕಂಪ ಎಂದು ಹೇಳಬೇಕಾದ ಕೆಲವು ಕಡೆ 'ಬವೆಲ್ಸ್' ಎಂದಿದೆ, ಅಂದರೆ ಕರುಳು. ಆ ಕಾಲದ ಇಂಗ್ಲಿಷಿನಲ್ಲಿ ಮರುಕ ಕರುಳಿನಲ್ಲೇ ಹುಟ್ಟುತ್ತಿತ್ತು, ನಮ್ಮ ಅಜ್ಜಿಯರ ಕನ್ನಡದ ಹಾಗೆ. ಆಮೇಲೆ ಅವರು ಹೃದಯಕ್ಕೆ ಮನೆ ಬದಲಿಸಿದರು. ಈಗ ಮತ್ತೆ ಆಫೀಸುಗಳಲ್ಲಿ 'ಗಟ್ ಫೀಲಿಂಗ್' ಎಂದು ಕರುಳಿಗೇ ಬಂದಿದ್ದಾರೆ. ಲೆಕ್ಕ, ಸಾಕ್ಷಿ ಏನೂ ಇಲ್ಲದೆ ಒಳಗಿಂದ ಅನ್ನಿಸುವುದಕ್ಕೆ ಆ ಹೆಸರು.

ಬಾಯಿಪಾಠದ ವಿಷಯವೂ ಇಲ್ಲೇ ಬರುತ್ತದೆ. ಪದ್ಯವನ್ನು ನೀವು ಬಾಯಿಪಾಠ ಮಾಡುತ್ತೀರಿ, ಸಂಸ್ಕೃತದವರು ಕಂಠಪಾಠ ಮಾಡುತ್ತಾರೆ, ಇಂಗ್ಲಿಷಿನವರು 'ಬೈ ಹಾರ್ಟ್' ಮಾಡುತ್ತಾರೆ. ಬಾಯಿ, ಗಂಟಲು, ಹೃದಯ. ಗಮನಿಸಿ, ಮೂವರಲ್ಲಿ ಯಾರೂ ಅದನ್ನು ತಲೆಗೆ ಹಾಕಿಕೊಂಡಿಲ್ಲ. (ಇಲ್ಲಿ ನಕ್ಕವರಲ್ಲಿ ಮೇಷ್ಟ್ರುಗಳೇ ಹೆಚ್ಚು.)

ಹೊಟ್ಟೆಯಿಂದ ಬಿಸಿಲಿಗೆ ಬರೋಣ. ನೀರು ಕೊಟ್ಟ ಮಗುವಿಗೆ ಅಜ್ಜಿ "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಹರಸುತ್ತಾಳೆ. ಮಗಳ ಮದುವೆ ನೋಡಿ ಕಣ್ಣು ತಂಪಾಯಿತು ಅನ್ನುತ್ತೇವೆ. ನಮಗೆ ತಂಪು ಎಂದರೆ ಒಳ್ಳೆಯದು, ಸುಡುವುದು ಕೆಟ್ಟದ್ದು. ಹೊಟ್ಟೆ ಉರಿಯುತ್ತದೆ, ಕಣ್ಣು ಕೆಂಪಾಗುತ್ತದೆ, ಮೈ ಉರಿಯುತ್ತದೆ. ಇಂಗ್ಲೆಂಡಿನದು ಚಳಿಯ ನಾಡು, ಅಲ್ಲಿ ಒಲೆಯ ಪಕ್ಕ ಜಾಗ ಕೊಟ್ಟವನೇ ಒಳ್ಳೆಯವನು. ಅದಕ್ಕೇ ಅವರಲ್ಲಿ 'ವಾರ್ಮ್ ಹಾರ್ಟ್' ಅಂದರೆ ಒಳ್ಳೆಯ ಮನಸ್ಸು, 'ಕೋಲ್ಡ್ ಹಾರ್ಟ್' ಎಂದರೆ ದಯೆ ಇಲ್ಲದವನು. ಯಾರಿಗಾದರೂ 'ನಿಮ್ಮ ಹೃದಯ ತಣ್ಣಗಿರಲಿ' ಎಂದು ಇಂಗ್ಲಿಷಿನಲ್ಲಿ ಹರಸಿದರೆ ಅದು ಶಾಪ. 'ಕೋಲ್ಡ್ ಫೀಟ್' ಎಂದರೆ ಒಪ್ಪಿಕೊಂಡ ಕೆಲಸಕ್ಕೆ ಕೊನೇ ಗಳಿಗೆಯಲ್ಲಿ ಅಳುಕಿ ಹಿಂದೆ ಸರಿಯುವುದು, ಮದುವೆ ಹಿಂದಿನ ದಿನ ಹೆದರಿದ ಮದುಮಗನ ಹಾಗೆ. ನಮ್ಮಲ್ಲಿ ಕಾಲು ತಣ್ಣಗಾಯಿತು ಎಂದು ಫೋನು ಬಂದರೆ ನೆಂಟರು ಬಸ್ಸು ಹತ್ತುತ್ತಾರೆ. ಭಾಷೆಯ ಅರ್ಧ ಅರ್ಥ ಹವಾಮಾನದಲ್ಲಿದೆ ಎಂದು ನನಗೆ ಅನ್ನಿಸುವುದು ಇಂಥ ಕಡೆ.

ಕಣ್ಣಿನ ಬಗ್ಗೆ ಎರಡು ಮಾತು. ನೋಡಿಯೂ ನೋಡದ ಹಾಗಿರುವುದಕ್ಕೆ 'ಟರ್ನ್ ಎ ಬ್ಲೈಂಡ್ ಐ' ಅನ್ನುತ್ತಾರೆ, ಕುರುಡುಗಣ್ಣು ತಿರುಗಿಸುವುದು. ಇದರ ಜೊತೆ ಯಾವಾಗಲೂ ಹೇಳುವ ಕಥೆ ಅಡ್ಮಿರಲ್ ನೆಲ್ಸನ್‌ನದು. ಅವನಿಗೆ ಬಲಗಣ್ಣಿನ ದೃಷ್ಟಿ ಹೋಗಿತ್ತು. 1801ರಲ್ಲಿ ಕೋಪನ್‌ಹೇಗನ್ ಯುದ್ಧದಲ್ಲಿ ಹಿಂದೆ ಸರಿಯಲು ಮೇಲಧಿಕಾರಿಯ ಹಡಗಿನಿಂದ ಬಾವುಟದ ಸನ್ನೆ ಬಂತು. ನೆಲ್ಸನ್ ದುರ್ಬೀನನ್ನು ಆ ಕುರುಡುಗಣ್ಣಿಗೆ ಹಿಡಿದು, ನನಗೇನೂ ಸನ್ನೆ ಕಾಣುತ್ತಿಲ್ಲ ಎಂದನಂತೆ. ಯುದ್ಧ ಮುಂದುವರಿಸಿದ, ಗೆದ್ದ. ಪರೀಕ್ಷೆಯಲ್ಲಿ ಒಂದು ಸಾಲಿನ ಅರ್ಥ ಮರೆಯಬಹುದು, ದುರ್ಬೀನು ಹಿಡಿದ ಈ ಮನುಷ್ಯನನ್ನು ಮರೆಯುವುದು ಕಷ್ಟ.

ಇನ್ನೊಂದು ಪದ 'ಪ್ಯೂಪಿಲ್'. ಅದಕ್ಕೆ ವಿದ್ಯಾರ್ಥಿ ಎಂದೂ ಅರ್ಥ, ಕಣ್ಣಿನ ನಡುವಿನ ಕಪ್ಪು ಬೊಟ್ಟು ಎಂದೂ ಅರ್ಥ. ಎರಡಕ್ಕೂ ಏನು ಸಂಬಂಧ? ಲ್ಯಾಟಿನ್ನಿನಲ್ಲಿ 'ಪ್ಯೂಪಿಲ್ಲ' ಎಂದರೆ ಪುಟ್ಟ ಹುಡುಗಿ, ಪುಟ್ಟ ಗೊಂಬೆ. ಎದುರಿಗಿರುವವರ ಕಣ್ಣನ್ನು ಹತ್ತಿರದಿಂದ ನೋಡಿದರೆ ಅದರೊಳಗೆ ನಿಮ್ಮದೇ ಪುಟ್ಟ ಬೊಂಬೆ ಕಾಣುತ್ತದೆ, ಅದರಿಂದ ಆ ಹೆಸರು. ಈಗ ಕನ್ನಡ ನೋಡಿ: ಕಣ್ಣುಗೊಂಬೆ, ಕಣ್ಣಪಾಪೆ. ಪಾಪೆ ಎಂದರೆ ಬೊಂಬೆ. ತೆಲುಗಿನವರದು ಕನುಪಾಪ. ರೋಮಿನವರೂ ನಾವೂ ಬೇರೆ ಬೇರೆ ಕಡೆ ಕೂತು ಎದುರಿನ ಕಣ್ಣಿಗೆ ಇಣುಕಿ ಒಂದೇ ಬೊಂಬೆ ಕಂಡಿದ್ದೇವೆ. ಮುದ್ದಿನವರನ್ನು ಇಂಗ್ಲಿಷಿನಲ್ಲಿ 'ಆಪಲ್ ಆಫ್ ದಿ ಐ' ಅನ್ನುತ್ತಾರೆ. ಹಣ್ಣಿನ ಹಾಗೆ ದುಂಡಗಿದೆ ಎಂದು ಅದೇ ಕರಿಬೊಟ್ಟಿಗೆ ಹಿಂದೆ ಆಪಲ್ ಎಂಬ ಹೆಸರಿತ್ತು. ಅದನ್ನು ಬಿಟ್ಟು ಕಣ್ಣಿನ ಸೇಬು ಎಂದು ಬರೆಯುವ ಅನುವಾದಕರಿದ್ದಾರೆ. ಕಣ್ಮಣಿ ಎಂಬ ಪದ ಮನೆಯಲ್ಲೇ ಇರುವಾಗ ಸೇಬು ಯಾಕೆ ಕೊಳ್ಳಬೇಕೋ ಗೊತ್ತಿಲ್ಲ.

ಹೆಬ್ಬೆರಳಿಗೆ ಬರುತ್ತೇನೆ. ನಮ್ಮಲ್ಲಿ 'ಹೆಬ್ಬೆಟ್ಟು' ಎಂದರೆ ಓದು ಬರಹ ಬಾರದವನು. ನನ್ನ ತಾತ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವರು. ಆ ಮಾತಿನಲ್ಲಿರುವ ಅವಮಾನ ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿದೆ. ಮಕ್ಕಳಾದರೂ ರುಜು ಹಾಕಲಿ ಎಂದು ಹೊಟ್ಟೆಬಟ್ಟೆ ಕಟ್ಟಿ ಈ ಶಾಲೆಗೆ ಕಳಿಸಿದ ತಾಯಿ ತಂದೆ ಇಲ್ಲೂ ಕೂತಿದ್ದಾರೆ. ಇಂಗ್ಲಿಷಿನ ಹೆಬ್ಬೆರಳು ಬೇರೆ. 'ಆಲ್ ಥಂಬ್ಸ್' ಎಂದರೆ ಕೈಯಲ್ಲಿ ಹಿಡಿದದ್ದೆಲ್ಲ ಬೀಳಿಸುವವನು. 'ಅಂಡರ್ ದಿ ಥಂಬ್' ಎಂದರೆ ಇನ್ನೊಬ್ಬರ ಹಿಡಿತದಲ್ಲಿರುವವನು, ನಮ್ಮ ಮುಷ್ಟಿಯಲ್ಲಿರುವ ಹಾಗೆ. 'ರೂಲ್ ಆಫ್ ಥಂಬ್' ಎಂದರೆ ಅಂದಾಜಿನ ಲೆಕ್ಕ, ಹೂವಾಡಗಿತ್ತಿ ಮೊಳ ಹಾಕುವ ಹಾಗೆ. ಅವರ ಹೆಬ್ಬೆರಳಿನಲ್ಲಿ ಅನಕ್ಷರತೆಯ ಸುಳಿವೇ ಇಲ್ಲ. ವಿಚಿತ್ರ ಏನೆಂದರೆ, ಗುರುತಿಗಾಗಿ ಕೈಯ ಅಚ್ಚು ಪಡೆಯುವುದನ್ನು ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್ 1858ರಲ್ಲಿ ಬಂಗಾಳದಲ್ಲಿ ಶುರುಮಾಡಿದ್ದು ಒಬ್ಬ ಗುತ್ತಿಗೆದಾರನ ಕರಾರಿನ ಮೇಲೆ. ಆ ಗುತ್ತಿಗೆದಾರನ ಹೆಸರು ರಾಜ್ಯಧರ ಕೋನಾಯಿ. ಬರೆಯಲು ಬಾರದವನು ಎಂದಲ್ಲ, ಮುಂದೆ ಈ ಸಹಿ ನನ್ನದಲ್ಲ ಎಂದು ಕೈ ಝಾಡಿಸದಿರಲಿ ಎಂದು. ಈಗ ನೋಡಿ, ರೇಷನ್ ಅಂಗಡಿಯಲ್ಲಿ ಎಲ್ಲರದೂ ಹೆಬ್ಬೆಟ್ಟು. ನನ್ನ ಲ್ಯಾಪ್‌ಟಾಪ್ ತೆರೆಯುವುದೂ ಬೆರಳೊತ್ತಿದರೆ. ಬಿ.ಇ. ಓದಿ ಮತ್ತೆ ತಾತನ ಹೆಬ್ಬೆಟ್ಟಿಗೇ ಬಂದೆ.

ರುಜುವಿನ ಮಾತು ಬಂತು ಎಂದು ಒಂದು ಅಡ್ಡಮಾತು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಪ್ರವಾಸಕ್ಕೆ ಹೋದವರು ನೋಡಿರುತ್ತೀರಿ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಅದರ ಕೊನೆಯಲ್ಲಿ ಬರೆದವನು ಚಪಡ ಎಂದು ತನ್ನ ಹೆಸರು ಹೇಳಿ, ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ, ಅದು ದೂರದ ವಾಯವ್ಯ ಭಾರತದ ಲಿಪಿ. ಊರ ಜನರ ಮಾತು ಬೇರೆ, ಕೆಲಸದ ಭಾಷೆ ಬೇರೆ, ಕೈ ಪಳಗಿದ ಲಿಪಿ ಮತ್ತೊಂದು. ಈ ಸೀಮೆಯಲ್ಲಿ ಆ ಸ್ಥಿತಿ ಸಾಫ್ಟ್‌ವೇರಿನವರಿಂದ ಶುರುವಾದದ್ದಲ್ಲ.

ಈಗ ಕಂಪ್ಯೂಟರ್. 'ಡಿಜಿಟಲ್' ಎಂದು ದಿನಕ್ಕೆ ಹತ್ತು ಸಲ ಕೇಳುತ್ತೀರಿ. ಡಿಜಿಟ್ ಎಂದರೆ ಅಂಕಿ, ಅದು ಬಂದದ್ದು ಬೆರಳು ಎಂಬರ್ಥದ ಲ್ಯಾಟಿನ್ ಪದದಿಂದ, ಯಾಕೆಂದರೆ ಮನುಷ್ಯ ಎಣಿಸಿದ್ದು ಬೆರಳಲ್ಲಿ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ ಪುಟಕ್ಕೆ 'ಹೆಡ್' ಇರುತ್ತದೆ, 'ಬಾಡಿ' ಇರುತ್ತದೆ, ಕೊನೆಗೆ 'ಫುಟರ್' ಬರುತ್ತದೆ. ಚಿಕ್ಕ ಚಿತ್ರಕ್ಕೆ 'ಥಂಬ್‌ನೇಲ್', ಹೆಬ್ಬೆರಳಿನ ಉಗುರು. ಎರಡು ಕಂಪ್ಯೂಟರ್‌ಗಳು ಮಾತು ಶುರು ಮಾಡುವ ಮೊದಲು ಮೂರು ಸಂದೇಶ ಬದಲಾಯಿಸಿಕೊಳ್ಳುತ್ತವೆ: ನಾನು ಮಾತಾಡಲೇ, ಆಗಲಿ ನಾನೂ ಮಾತಾಡಲೇ, ಆಗಲಿ. ಇದಕ್ಕೆ 'ಹ್ಯಾಂಡ್‌ಶೇಕ್' ಎಂದು ಹೆಸರು. ಸರ್ವರ್ ಬದುಕಿದೆಯೋ ಇಲ್ಲವೋ ತಿಳಿಯಲು ಆಗಾಗ ಬರುವ ಸಣ್ಣ ಸಂದೇಶ 'ಹಾರ್ಟ್‌ಬೀಟ್'. ಅದು ನಿಂತರೆ ರಾತ್ರಿ ಎರಡು ಗಂಟೆಗೆ ನಮಗೆ ಫೋನು ಬರುತ್ತದೆ, ಆಗ ನಮ್ಮ ಹಾರ್ಟ್‌ಬೀಟ್ ಏರುತ್ತದೆ. ಈ ಪದಗಳಿಗೆ ಹೆದರಬೇಡಿ ಎಂದು ಹೇಳಲು ಇಷ್ಟು ಹೇಳಿದೆ. ಮೈ ಇರುವವರಿಗೆಲ್ಲ ಅರ್ಧ ಗೊತ್ತಿರುವ ವಿಷಯ ಇದು.

ಅನುವಾದ ಮಾಡುವ ಯಂತ್ರ ಇದೆಯಲ್ಲ, ಇದೆಲ್ಲ ಯಾಕೆ ಕಲಿಯಬೇಕು ಎಂದು ಯಾರೋ ಹಿಂದಿನಿಂದ ಕೇಳುತ್ತಿದ್ದೀರಿ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನಿಂದ ಈಗಿನವರೆಗೆ ಬಹಳ ಸುಧಾರಿಸಿದೆ. ಆದರೂ ನುಡಿಗಟ್ಟಿನ ಹತ್ತಿರ ಬಂದಾಗ ಯಂತ್ರಕ್ಕೂ ಆ ಹುಡುಗನಿಗೂ ತೊಡಕು ಒಂದೇ: ಪದಗಳ ಅರ್ಥ ಕೂಡಿಸಿದರೆ ಮಾತಿನ ಅರ್ಥ ಬರುವುದಿಲ್ಲ. ಇಂಥ ಕಡೆ ಯಂತ್ರ ತಿದ್ದಿಕೊಳ್ಳಬೇಕಾದರೆ ಮನುಷ್ಯರು ಹೀಗೆಂದರೆ ಹಾಗೆ ಎಂದು ಎರಡೂ ಭಾಷೆಯಲ್ಲಿ ಬರೆದಿಟ್ಟ ಉದಾಹರಣೆಗಳು ಬೇಕು. ಇಂಗ್ಲಿಷಿನಲ್ಲಿ ಅಂಥ ಬರಹ ರಾಶಿ ರಾಶಿ ಇದೆ. ಕನ್ನಡದಲ್ಲಿ ಕಡಿಮೆ, ನಾಯಕನಹಟ್ಟಿಯ ಕನ್ನಡದಲ್ಲಿ ಇನ್ನೂ ಕಡಿಮೆ. "ಮಳೆ ಕೈ ಕೊಡ್ತು" ಎಂದರೆ ಏನೆಂದು ಯಂತ್ರಕ್ಕೆ ಹೇಳಬೇಕಾದವರು ನೀವೇ.

ಓದುವ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ಮೇಡಂ ಒಪ್ಪದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಲಿ. ನೋಟ್ ಬುಕ್ಕಿನಲ್ಲಿ ನುಡಿಗಟ್ಟು, ಅದರ ಮುಂದೆ ಇಂಗ್ಲಿಷ್ ಅರ್ಥ, ಹೀಗೆ ಎರಡು ಕಲಂ ಬರೆಯುತ್ತೀರಿ. ಮೂರನೆಯದು ಒಂದು ಹಾಕಿ, ಅದರಲ್ಲಿ ಅದೇ ಅಂಗದ ಕನ್ನಡ ಮಾತು ಬರೆಯಿರಿ, ಮನೆಯಲ್ಲಿ ಕೇಳಿ ಬರೆಯಿರಿ. ಹೊಂದಿದರೆ ಸರಿ, ಮುಂದೆ ಹೋಗಿ. ಹೊಂದದೆ ಜಗಳವಾಡಿದರೆ ಅದಕ್ಕೆ ಕೆಂಪು ಗೆರೆ ಎಳೆಯಿರಿ. ಕಲಿಯಬೇಕಾದದ್ದು ಆ ಕೆಂಪು ಗೆರೆಯವನ್ನು ಮಾತ್ರ. ನೂರಕ್ಕೆ ಇಪ್ಪತ್ತೋ ಮೂವತ್ತೋ ಉಳಿಯುತ್ತವೆ, ಅಷ್ಟೆ.

ಇನ್ನೊಂದು. ನುಡಿಗಟ್ಟು ಬೇಕಾಗುವುದು ಕೇಳುವುದಕ್ಕೆ. ಮಾತಾಡುವಾಗ, ಮೇಲ್ ಬರೆಯುವಾಗ ಅವನ್ನು ತುರುಕಬೇಡಿ. ಸಂದರ್ಶನಕ್ಕೆ ಬರುವ ಹುಡುಗರು ಗೈಡಿನ ಈಡಿಯಮ್ ಒಂದೊಂದು ವಾಕ್ಯಕ್ಕೂ ಸಿಕ್ಕಿಸುತ್ತಾರೆ, ಕೇಳುವವರಿಗೆ ಮದುವೆ ಮನೆಯಲ್ಲಿ ಬಾಡಿಗೆ ಒಡವೆ ನೋಡಿದ ಹಾಗಾಗುತ್ತದೆ. 'ದಯವಿಟ್ಟು ಸಹಾಯ ಮಾಡಿ' ಅನ್ನುವುದಕ್ಕೆ 'ಪ್ಲೀಸ್ ಹೆಲ್ಪ್ ಮಿ' ಸಾಕು. ಎದುರಿನವರ ಮಾತು ಅರ್ಥವಾಗದಿದ್ದರೆ "ವಾಟ್ ಡು ಯು ಮೀನ್ ಬೈ ದಟ್?" ಎಂದು ಕೇಳಿ. ಆ ಹುಡುಗ ಈ ಒಂದು ಪ್ರಶ್ನೆ ಕೇಳಿದ್ದರೆ ಮೂರು ವಾರ ಉಳಿಯುತ್ತಿತ್ತು. ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಬಂದಿದೆ, ನಾನಾ ರಾಜ್ಯದವರು ಬರುತ್ತಾರೆ. ಕೇಳಿ ಅಭ್ಯಾಸ ಮಾಡಲು ಈಗ ಬೆಂಗಳೂರಿನವರೆಗೂ ಹೋಗಬೇಕಾಗಿಲ್ಲ.

ಮಕ್ಕಳು ಕಳಿಸಿದ ಚೀಟಿಗಳಲ್ಲಿ ಎರಡಕ್ಕೆ ಉತ್ತರ ಹೇಳಿ ಮುಗಿಸುತ್ತೇನೆ. ಒಂಬತ್ತನೇ ತರಗತಿಯಿಂದ ಒಬ್ಬರು 'ವೆಟ್ ಬಿಹೈಂಡ್ ದಿ ಇಯರ್ಸ್' ಕೇಳಿದ್ದಾರೆ. ಕಿವಿಯ ಹಿಂದೆ ಇನ್ನೂ ಒದ್ದೆ, ಅಂದರೆ ಅನುಭವ ಇಲ್ಲದ ಹೊಸಬ. ಈಗಷ್ಟೇ ಹುಟ್ಟಿದ ಕರುವಿನ ಮೈಯಲ್ಲಿ ಕೊನೆಗೆ ಒಣಗುವುದು ಕಿವಿಯ ಹಿಂದಿನ ಜಾಗ ಎಂಬುದು ಇದರ ಚಿತ್ರ. ನಾವು ಇನ್ನೂ ಬಾಯಲ್ಲಿ ಹಾಲಿನ ವಾಸನೆ ಹೋಗಿಲ್ಲ ಅನ್ನುತ್ತೇವೆ. ಹಟ್ಟಿಯಲ್ಲಿ ಕರು ಹಾಕಿದ್ದನ್ನು ನೋಡಿದವರಿಗೆ ಅರ್ಥ ಹೇಳಬೇಕಾಗಿಲ್ಲ.

ಇನ್ನೊಂದು ಚೀಟಿ 'ಕೋಲ್ಡ್ ಶೋಲ್ಡರ್'. ಬೇಕೆಂದೇ ಮುಖ ಕೊಡದೆ ಇರುವುದು, ಮಾತಾಡಿಸದೆ ಭುಜ ತಿರುಗಿಸಿ ನಿಲ್ಲುವುದು. ವಾಲ್ಟರ್ ಸ್ಕಾಟ್ ಎಂಬ ಕಾದಂಬರಿಕಾರ 1816ರಲ್ಲಿ ಬರೆದ 'ದಿ ಆಂಟಿಕ್ವೆರಿ'ಯಲ್ಲಿ ಈ ಮಾತು ಬರುತ್ತದೆ. ಬೇಡದ ನೆಂಟ ಬಂದರೆ ಬಿಸಿ ಊಟ ಕೊಡದೆ ಆರಿಹೋದ ಕುರಿಯ ಭುಜದ ಮಾಂಸ ಬಡಿಸುತ್ತಿದ್ದರು, ಅದರಿಂದ ಬಂತು ಎಂದೂ ಒಂದು ಕಥೆ ಹೇಳುತ್ತಾರೆ. ಅದು ಆಮೇಲೆ ಕಟ್ಟಿದ ಕಥೆ. ಕುರಿ ಸಾಕುವ ಈ ಸೀಮೆಯಲ್ಲಂತೂ ಅದು ನಡೆಯುವ ಮಾತಲ್ಲ, ಆರಿದ್ದನ್ನು ಬಿಸಿ ಮಾಡಿಯೇ ಹಾಕುತ್ತಾರೆ. ಊಟದ ಗಂಟೆ ಆಯಿತು ಎಂದು ಮೇಷ್ಟ್ರು ಸನ್ನೆ ಮಾಡುತ್ತಿದ್ದಾರೆ. ನನಗೆ ಎರಡೂ ಕಣ್ಣು ಕಾಣುತ್ತವೆ.